ಟವರ್ ಗುತ್ತಿಗೆ: ಹಗ್ಗದ ಜತೆಗೆ ಪಾಲಿಸಿಯೂ ಬೇಕು

ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಹುಡುಗನೊಬ್ಬ ಮೊಬೈಲ್ ಟವರುಗಳಿಗೆ ಆಂಟೆನಾ ಕೂರಿಸುವ ಗುತ್ತಿಗೆದಾರರ ಬಳಿ ಕೆಲಸಕ್ಕೆ ಸೇರುತ್ತಾನೆ. ಮೂರು ವರ್ಷ ಊರೂರು ಅಲೆದು ಕೆಲಸ ಕಲಿಯುತ್ತಾನೆ. ನಾಲ್ಕನೆಯ ವರ್ಷಕ್ಕೆ, ‘ಸೈಟಿಗೆ ಇಷ್ಟು’ ಎಂಬ ಲೆಕ್ಕದಲ್ಲಿ ತಾನೇ ಉಪಗುತ್ತಿಗೆ ಹಿಡಿಯುವ ಅವಕಾಶ ಒದಗಿ ಬರುತ್ತದೆ. ಕಾಲೇಜಿನ ಜತೆಗಾರರು ಇಬ್ಬರು, ಊರಿನ ಹುಡುಗರು ನಾಲ್ವರು, ಬಾಡಿಗೆಗೊಂದು ಗೂಡ್ಸ್ ಗಾಡಿ, ಹಗ್ಗ, ರಾಟೆ, ಒಂದಷ್ಟು ಅಳತೆಯ ಉಪಕರಣ. ಇಷ್ಟಾದರೆ ಕಂಪನಿ ಸಿದ್ಧ. ತಂದೆ ಹೊಲದ ಪತ್ರ ಅಡವಿಟ್ಟು ಬಂಡವಾಳ ಹೊಂದಿಸಿ ಕೊಡುತ್ತಾರೆ. ಮುಖ್ಯ ಗುತ್ತಿಗೆದಾರರ ಕಚೇರಿಯಿಂದ ಹತ್ತಾರು ಪುಟಗಳ ಕರಾರು ಬರುತ್ತದೆ. ಅದರಲ್ಲೊಂದು ಕಡೆ, ವಿಮಾ ಪಾಲಿಸಿಗಳ ನಕಲು ಲಗತ್ತಿಸಬೇಕು ಎಂದು ಬರೆದಿರುತ್ತದೆ. ಹುಡುಗ ಪರಿಚಯದ ಏಜೆಂಟರಿಗೆ ಫೋನ್ ಮಾಡಿ, ‘ಎಲ್ಲಕ್ಕಿಂತ ಕಡಿಮೆ ಬೆಲೆಯದ್ದು ಒಂದು ಕೊಡಿ, ಫೈಲಿಗೆ ಹಾಕಬೇಕು’ ಎನ್ನುತ್ತಾನೆ.

ಅಪಾಯ ಅಡಗಿರುವುದು ಈ ಕೊನೆಯ ಮಾತಿನಲ್ಲಿ. ಕರಾರಿಗೆ ಸಹಿ ಹಾಕಿದ ಗಳಿಗೆಯಿಂದ ಆತ ಕೆಲಸಗಾರನಾಗಿ ಉಳಿಯುವುದಿಲ್ಲ. ಕಾನೂನಿನ ಕಣ್ಣಿಗೆ ಆತ ಮಾಲೀಕ. ಟವರಿನ ಮೇಲಿನಿಂದ ಜತೆಗಾರನೊಬ್ಬ ಜಾರಿ ಬಿದ್ದರೆ ಪರಿಹಾರದ ನೋಟಿಸು ಬರುವುದು ಅವನ ಮನೆಗೆ, ಅಂದರೆ ಅಡವಿಟ್ಟ ಹೊಲದ ಪತ್ರ ಇರುವ ಮನೆಗೆ. ಫೈಲಿಗೆ ಹಾಕಲು ತಂದ ಪಾಲಿಸಿ ಆಗ ಎಷ್ಟರ ಮಟ್ಟಿಗೆ ಕೈಹಿಡಿಯುತ್ತದೆ ಎಂಬುದು ಪಾಲಿಟೆಕ್ನಿಕ್‌ನ ಪಠ್ಯಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮಕ್ಕಳಷ್ಟೇ ಪಾಲಕರೂ ತಿಳಿದಿರಬೇಕಾದ ವಿಷಯ ಇದು.

ಈ ಕಸುಬಿಗೆ ಬೇಡಿಕೆ ಕುಂದುವ ಲಕ್ಷಣವಿಲ್ಲ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತದಿಂದ, ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮೊಬೈಲಿನಲ್ಲಿ ಮಾತನಾಡಿದರು. ದೇಶದ ಮೊದಲ ಮೊಬೈಲ್ ಕರೆ ಅದು. ಅಲ್ಲಿಂದ ಮುಂದೆ 2ಜಿ, 3ಜಿ, 4ಜಿ ಬಂದವು. 2022ರ ಅಕ್ಟೋಬರ್ 1ರಂದು 5ಜಿ ಸೇವೆಗೆ ಚಾಲನೆ ದೊರೆಯಿತು. ಪ್ರತಿ ತಲೆಮಾರು ಬದಲಾದಾಗಲೂ ಹಳೆಯ ಆಂಟೆನಾ ಇಳಿಸಿ ಹೊಸದು ಏರಿಸಲು ಯಾರಾದರೂ ಮತ್ತೆ ಟವರ್ ಹತ್ತಲೇಬೇಕು. ನಿಸ್ತಂತು ಎಂಬ ಹೆಸರಿದ್ದರೂ ತುದಿಯ ಪೆಟ್ಟಿಗೆಯಿಂದ ಬುಡದವರೆಗೆ ತಂತಿ, ನಟ್ಟು, ಬೋಲ್ಟುಗಳದ್ದೇ ರಾಜ್ಯ. ಅವನ್ನು ಬಿಗಿಯುವುದಕ್ಕೆ ಮನುಷ್ಯನ ಕೈಯೇ ಬೇಕು.

ಆದರೆ ಆ ಕೈ ಯಾರದ್ದು ಎಂಬುದು ಮೊಬೈಲ್ ಕಂಪನಿಗೆ ಗೊತ್ತಿರುವುದು ಅಪರೂಪ. ಸೇವೆ ಕೊಡುವ ಕಂಪನಿ ಒಂದು, ಟವರಿನ ಒಡೆತನ ಇನ್ನೊಂದು ಕಂಪನಿಯದ್ದು, ಉಪಕರಣ ಪೂರೈಸುವವರು ಮತ್ತೊಬ್ಬರು. ಅವರಿಂದ ಕೆಲಸ ಪಡೆಯುವ ದೊಡ್ಡ ಗುತ್ತಿಗೆದಾರ, ಅವನ ಕೈಕೆಳಗೆ ಪ್ರಾದೇಶಿಕ ಗುತ್ತಿಗೆದಾರ, ಅವನ ಕೈಕೆಳಗೆ ನಮ್ಮ ಆರು ಹುಡುಗರ ತಂಡ. ಸರಪಣಿ ಉದ್ದವಾದಷ್ಟೂ ಕೆಳಗಿನ ಕೊಂಡಿಗೆ ಸಿಗುವ ಹಣ ತೆಳುವಾಗುತ್ತದೆ. ಹಣ ತೆಳುವಾದಾಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಖರ್ಚಿಗೆ. ವಿಮೆ ಅಂತಹ ಖರ್ಚು. ಮೇಲಿನವರು ಮಾಡಿಸಿರುತ್ತಾರೆ ಎಂದು ಕೆಳಗಿನವರು, ಕೆಳಗಿನವರು ಮಾಡಿಸಿದ್ದಾರೆ ಎಂದು ಮೇಲಿನವರು ನಂಬಿಕೊಂಡು ಕೆಲಸ ಸಾಗುತ್ತದೆ.

ಅಮೆರಿಕದಲ್ಲಿ ಆದದ್ದು

ಈ ಸರಪಣಿಯ ಕಥೆ ಎಲ್ಲರಿಗೂ ಗೊತ್ತಾಗುವಂತೆ ಬಯಲಾದದ್ದು ಅಮೆರಿಕದಲ್ಲಿ. ಕಾರ್ಮಿಕರ ಸುರಕ್ಷತೆಯನ್ನು ನೋಡಿಕೊಳ್ಳುವ ಅಲ್ಲಿನ ಸಂಸ್ಥೆ ಓಶಾದ ಮುಖ್ಯಸ್ಥರಾಗಿದ್ದ ಎಡ್ವಿನ್ ಫೌಕ್ ಅವರು 2008ರಲ್ಲಿ, ಟವರ್ ಹತ್ತುವುದು ಅಮೆರಿಕದಲ್ಲೇ ಅತ್ಯಂತ ಅಪಾಯಕಾರಿ ಕೆಲಸವೆಂದು ಬಹಿರಂಗವಾಗಿ ಹೇಳಿದರು. 2012ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಮತ್ತು ಫ್ರಂಟ್‌ಲೈನ್ ಟಿ.ವಿ. ಕಾರ್ಯಕ್ರಮ ಜತೆಗೂಡಿ ನಡೆಸಿದ ತನಿಖೆ, 2003ರಿಂದ 2011ರವರೆಗೆ ಮೊಬೈಲ್ ಟವರುಗಳ ಕೆಲಸದಲ್ಲಿ 50 ಮಂದಿ ಸತ್ತಿದ್ದನ್ನು ಪತ್ತೆಹಚ್ಚಿತು. ಟವರ್ ಹತ್ತುವವರ ಸಾವಿನ ಪ್ರಮಾಣ ಕಟ್ಟಡ ಕೆಲಸದವರದ್ದಕ್ಕಿಂತ ಸುಮಾರು ಹತ್ತು ಪಟ್ಟು ಎಂದು ಅದು ಲೆಕ್ಕ ಹಾಕಿತು. 2013ರ ಒಂದೇ ವರ್ಷದಲ್ಲಿ ಸಂಪರ್ಕ ಟವರುಗಳ ಕೆಲಸದಲ್ಲಿ 13 ಮಂದಿ ತೀರಿಕೊಂಡರೆಂದು ಓಶಾ ತಿಳಿಸಿತು.

ಸತ್ತವರು ಹೆಚ್ಚಾಗಿ ಸರಪಣಿಯ ಕೆಳಕೊಂಡಿಯಲ್ಲಿದ್ದ ಉಪಗುತ್ತಿಗೆದಾರರ ಹುಡುಗರು. ಮೇಲಿನ ಮೊಬೈಲ್ ಕಂಪನಿಗಳು ತಮ್ಮ ಜವಾಬ್ದಾರಿಯನ್ನು ಕರಾರಿನ ಮೂಲಕ ಒಂದೊಂದು ಮೆಟ್ಟಿಲು ಕೆಳಗಿಳಿಸಿದ್ದವು. ಅಲ್ಲಿ ಗುತ್ತಿಗೆದಾರರು ವಿಮೆಯ ಪುರಾವೆಯಾಗಿ ಒಂದು ಪುಟದ ಪ್ರಮಾಣಪತ್ರ ಕೊಡುವ ರೂಢಿ ಇದೆ. ವಿಚಿತ್ರವೆಂದರೆ, ಇದು ಮಾಹಿತಿಗಾಗಿ ಮಾತ್ರ, ಇದನ್ನು ಹಿಡಿದುಕೊಂಡವರಿಗೆ ಇದರಿಂದ ಯಾವ ಹಕ್ಕೂ ಬರುವುದಿಲ್ಲ ಎಂಬ ಅರ್ಥದ ಮಾತು ಆ ಪುಟದ ನೆತ್ತಿಯ ಮೇಲೇ ಅಚ್ಚಾಗಿರುತ್ತದೆ. ಅದಕ್ಕಾಗಿಯೇ ತಿಳಿದವರು ಪ್ರಮಾಣಪತ್ರಕ್ಕೆ ತೃಪ್ತರಾಗುವುದಿಲ್ಲ, ಮೂಲ ಪಾಲಿಸಿಯಲ್ಲೇ ತಮ್ಮ ಹೆಸರನ್ನು ಹೆಚ್ಚುವರಿ ವಿಮಾದಾರರೆಂದು ಸೇರಿಸಿ ಎನ್ನುತ್ತಾರೆ. ಇನ್ನೂ ಒಂದು ವಿಚಿತ್ರ: ಟೆಕ್ಸಾಸ್ ರಾಜ್ಯದಲ್ಲಿ ಖಾಸಗಿ ಮಾಲೀಕರಿಗೆ ಕಾರ್ಮಿಕರ ಪರಿಹಾರ ವಿಮೆ ಇಂದಿಗೂ ಕಡ್ಡಾಯವಲ್ಲ.

ನಮ್ಮ ಕಾನೂನಿನ ಲೆಕ್ಕ

ಭಾರತದಲ್ಲಿ ಕೆಲಸಗಾರರ ನಷ್ಟಪರಿಹಾರ ಕಾಯಿದೆ ಬಂದದ್ದು 1923ರಲ್ಲಿ. ಟವರ್ ಎಂಬ ಪದವೇ ಬಳಕೆಗೆ ಬರದಿದ್ದ ಕಾಲದ ಆ ಕಾಯಿದೆಯ ಎರಡನೆಯ ಅನುಸೂಚಿಯನ್ನು ಓದಿದರೆ ಆಶ್ಚರ್ಯವಾಗುತ್ತದೆ. ಟೆಲಿಗ್ರಾಫ್ ಇಲ್ಲವೇ ಟೆಲಿಫೋನ್ ತಂತಿ, ಕಂಬಗಳನ್ನು ನೆಡುವ, ದುರಸ್ತಿ ಮಾಡುವ, ಕೆಳಗಿಳಿಸುವ ಕೆಲಸಗಾರರನ್ನು ಅದು ಹೆಸರಿಸಿಯೇ ಒಳಗೊಂಡಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯಿದೆಯ ವ್ಯಾಖ್ಯಾನದಲ್ಲಂತೂ ‘ವೈರ್‌ಲೆಸ್’ ಎಂಬ ಪದವೇ ಇತ್ತು. ಈ ಕಾಯಿದೆಗಳ ಪರಿಹಾರ ಮತ್ತು ಕ್ಷೇಮನಿಧಿಯ ವಿಷಯಗಳನ್ನೆಲ್ಲ ಸಾಮಾಜಿಕ ಭದ್ರತಾ ಸಂಹಿತೆ–2020ರೊಳಗೆ ಸೇರಿಸಲಾಗಿದೆ. ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹೆಸರು ಬದಲಾದರೂ ಪರಿಹಾರದ ಮೂಲಸೂತ್ರ ಹಳೆಯದೇ.

ಸೂತ್ರ ಸರಳ, ಗಣಿತದ ವಿದ್ಯಾರ್ಥಿಗಳು ಕೂಡಲೇ ಹಿಡಿಯಬಹುದು. ಕೆಲಸದಲ್ಲಿ ಸಾವು ಸಂಭವಿಸಿದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಅಂಶದಿಂದ ಗುಣಿಸಬೇಕು. 20 ವರ್ಷದವನಿಗೆ ಈ ಅಂಶ 224.00, 25 ವರ್ಷದವನಿಗೆ 216.91, 40 ವರ್ಷದವನಿಗೆ 184.17. ವೇತನ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದಕ್ಕೊಂದು ಮಿತಿ ಉಂಟು. ಹಳೆಯ ಕಾಯಿದೆಯ ಕೆಳಗೆ 2020ರ ಜನವರಿಯಲ್ಲಿ ಕೇಂದ್ರ ಸರಕಾರ ಅದನ್ನು 8,000 ರೂಪಾಯಿಯಿಂದ 15,000 ರೂಪಾಯಿಗೆ ಏರಿಸಿತು. ಆ ಲೆಕ್ಕದಂತೆ 20 ವರ್ಷದ ಹುಡುಗನ ಜೀವಕ್ಕೆ 7,500ನ್ನು 224ರಿಂದ ಗುಣಿಸಿದರೆ 16,80,000 ರೂಪಾಯಿ. ಬದುಕಿ ಉಳಿದು ಸಂಪೂರ್ಣ, ಶಾಶ್ವತ ಅಂಗವೈಕಲ್ಯ ಬಂದರೆ ಅರ್ಧದ ಬದಲು ಶೇ. 60 ಹಿಡಿಯುವುದರಿಂದ ಮೊತ್ತ 20,16,000 ರೂಪಾಯಿಗೆ ಏರುತ್ತದೆ. ಸಾವಿಗಿಂತ ಇದಕ್ಕೆ ಹೆಚ್ಚೇಕೆ ಎಂದು ಕೇಳುವವರುಂಟು. ಹಾಸಿಗೆ ಹಿಡಿದವನನ್ನು ವರ್ಷಗಟ್ಟಲೆ ನೋಡಿಕೊಂಡ ಮನೆಯವರು ಆ ಪ್ರಶ್ನೆ ಕೇಳಲಾರರು.

ಆರು ಜನರ ತಂಡ ಕಟ್ಟಿಕೊಂಡ ಇಪ್ಪತ್ತೈದರ ಗುತ್ತಿಗೆದಾರ ಹದಿನೇಳು ಲಕ್ಷ ರೂಪಾಯಿ ಎಲ್ಲಿಂದ ತರಬೇಕು? ಅದೂ ಒಂದು ತಿಂಗಳೊಳಗೆ ಪಾವತಿಯಾಗಬೇಕು. ತಡವಾದರೆ ಬಡ್ಡಿ ಸೇರುತ್ತದೆ. ಸಮರ್ಥ ಕಾರಣವಿಲ್ಲದೆ ತಡಮಾಡಿದರೆ ಮೊತ್ತದ ಶೇ. 50ರವರೆಗೆ ದಂಡವೂ ಬೀಳಬಹುದು. ಸತ್ತವನ ಮನೆಯವರು ಸರಪಣಿಯ ಮೇಲಿನ ಕಂಪನಿಯಿಂದಲೇ ಪರಿಹಾರ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಅದು ಕುಟುಂಬಕ್ಕೆ ದೊಡ್ಡ ರಕ್ಷಣೆ. ಆದರೆ ಹಾಗೆ ಕೊಟ್ಟ ಹಣವನ್ನು ಆ ಕಂಪನಿ ಗುತ್ತಿಗೆದಾರನಿಂದ ವಸೂಲು ಮಾಡಬಹುದು. ಕರಾರಿನಲ್ಲಿರುವ ‘ಎಲ್ಲ ನಷ್ಟವನ್ನೂ ನಾನೇ ತುಂಬಿಕೊಡುತ್ತೇನೆ’ ಎಂಬ ಒಂದು ಸಾಲು ಆ ವಸೂಲಿಯ ಹಾದಿಯನ್ನು ಇನ್ನಷ್ಟು ಸಲೀಸು ಮಾಡುತ್ತದೆ. ಇಡೀ ಕರಾರಿನಲ್ಲಿ ಮೂರು ಸಲ ಓದಬೇಕಾದ ಸಾಲು ಅದು.

ಇಲ್ಲಿಯೇ ಪಾಲಕರು ಮನನ ಮಾಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ‘ಏನಾದರೂ ಆದರೆ ನಾನೇ ಜವಾಬ್ದಾರ’ ಎಂದು ಕೆಲಸಕ್ಕೆ ಸೇರುವಾಗ ಹುಡುಗರಿಂದ ಬಾಂಡ್ ಬರೆಸಿಕೊಳ್ಳುವವರಿದ್ದಾರೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಇಂತಹ ಬರಹಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ‘ಬೆಲ್ಟಿನ ಕೊಕ್ಕೆ ಹಾಕಿಕೊಂಡಿರಲಿಲ್ಲ, ತಪ್ಪು ಅವನದ್ದೇ’ ಎಂಬ ಮಾತನ್ನೂ ಕೇಳುತ್ತೇವೆ. ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದ ಗಾಯಾಳುವಿಗೆ ಪರಿಹಾರ ನಿರಾಕರಿಸಬಹುದು, ನಿಜ. ಆದರೆ ಸಾವು ಇಲ್ಲವೇ ಸಂಪೂರ್ಣ ಶಾಶ್ವತ ಅಂಗವೈಕಲ್ಯ ಉಂಟಾದಾಗ ಆ ನೆಪ ನಡೆಯುವುದಿಲ್ಲ. ಸಾವಿನ ಪ್ರಕರಣದಲ್ಲಿ ಹಣವನ್ನು ಸಂಬಂಧಪಟ್ಟ ಅಧಿಕಾರಿಯಲ್ಲಿ ಠೇವಣಿ ಇಡಬೇಕು. ಶವಸಂಸ್ಕಾರದ ಹೊತ್ತಿನಲ್ಲಿ ಒಂದಷ್ಟು ನೋಟು ಕೈಗಿತ್ತು, ಬಿಳಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಪರಿಹಾರದ ಪಾವತಿಯಾಗದು. ಕೊಟ್ಟ ಗುತ್ತಿಗೆದಾರನಿಗೂ ಇದು ಗೊತ್ತಿರುವುದು ಒಳ್ಳೆಯದು, ಏಕೆಂದರೆ ಆತ ಎರಡನೆಯ ಸಲ ಕೊಡಬೇಕಾಗಿ ಬರುತ್ತದೆ.

ಯಾವ ಪಾಲಿಸಿ, ಯಾರಿಗೆ?

ಗುತ್ತಿಗೆದಾರನಿಗೆ ಮೊದಲು ಬೇಕಾದದ್ದು ಈ ಹೊಣೆಯನ್ನು ಹೊರುವ ಕೆಲಸಗಾರರ ನಷ್ಟಪರಿಹಾರ ಪಾಲಿಸಿ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಾದರೆ ಇಎಸ್‌ಐ ಅನ್ವಯವಾಗುತ್ತದೆ. ಅಪಾಯಕಾರಿಯೆಂದು ಸರಕಾರ ಅಧಿಸೂಚಿಸಿದ ಉದ್ಯೋಗಗಳಲ್ಲಿ ಒಬ್ಬನೇ ಇದ್ದರೂ ಅದನ್ನು ಅನ್ವಯಿಸಲು ಸಂಹಿತೆಯಲ್ಲಿ ಅವಕಾಶವಿದೆ. ಇಎಸ್‌ಐಯಲ್ಲಿದ್ದವರಿಗೆ ಚಿಕಿತ್ಸೆ, ಅವಲಂಬಿತರಿಗೆ ತಿಂಗಳ ಸಹಾಯಧನ ಅಲ್ಲಿಂದಲೇ ಬರುವುದರಿಂದ ಮಾಲೀಕನ ಮೇಲಿನ ಪ್ರತ್ಯೇಕ ದಾವೆಗೆ ಆಸ್ಪದವಿಲ್ಲ. ಆದರೆ 2017ರಿಂದ ಅದರ ವೇತನ ಮಿತಿ 21,000 ರೂಪಾಯಿ. ಪಳಗಿದ ರಿಗ್ಗರ್‌ಗೆ ಅದಕ್ಕಿಂತ ಹೆಚ್ಚು ಸಂಬಳ ಕೊಡುತ್ತಿದ್ದರೆ ಆತ ಹೊರಗುಳಿಯುತ್ತಾನೆ. ಅಂಥವರಿಗಾಗಿಯೂ, ಇಎಸ್‌ಐ ವ್ಯಾಪ್ತಿಗೆ ಬಾರದ ಚಿಕ್ಕ ತಂಡಗಳಿಗಾಗಿಯೂ ಪಾಲಿಸಿ ಬೇಕೇ ಬೇಕು.

ಈ ಪಾಲಿಸಿಯ ಪ್ರೀಮಿಯಂ ನಿಂತಿರುವುದು ಎರಡು ಸಂಗತಿಗಳ ಮೇಲೆ: ವರ್ಷದ ಒಟ್ಟು ಕೂಲಿ ಎಷ್ಟು, ಕೆಲಸ ಎಂತಹದು. ತಪ್ಪುಗಳು ನಡೆಯುವುದೂ ಈ ಎರಡರಲ್ಲೇ. ಆರು ಜನರ ಕಡೆ ಮೂವರನ್ನು ತೋರಿಸುವುದು. ‘ಟವರ್ ಮೇಲೆ ಆಂಟೆನಾ ಜೋಡಣೆ’ ಎನ್ನುವ ಬದಲು ‘ವಿದ್ಯುತ್ ಫಿಟ್ಟಿಂಗ್’ ಎಂದು ಬರೆಸುವುದು. ಉಳಿಯುವುದು ಕೆಲವು ಸಾವಿರ ರೂಪಾಯಿ. ವಿಮೆಯ ವ್ಯವಹಾರ ನಿಂತಿರುವುದು ಪರಸ್ಪರ ಪೂರ್ಣ ವಿಶ್ವಾಸದ ಮೇಲೆ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟಿದ್ದು ಗೊತ್ತಾದರೆ ಕಂಪನಿ ಹಣ ಕೊಡದೆ ಜಾರಿಕೊಳ್ಳಲು ಅದೇ ದಾರಿಯಾಗುತ್ತದೆ. ಏಜೆಂಟರು ಬರೆದುಕೊಂಡಿದ್ದು, ನಮಗೆ ಗೊತ್ತಿರಲಿಲ್ಲ ಎಂದರೆ ಕೇಳುವವರಿಲ್ಲ. ಪ್ರಸ್ತಾವದ ಫಾರಂನ ಕೆಳಗೆ ಇರುವುದು ಗುತ್ತಿಗೆದಾರನ ಸಹಿ.

ಕೆಲಸ ಹೆಚ್ಚಾದಾಗ ಎರಡು ದಿನದ ಮಟ್ಟಿಗೆ ಇನ್ನೊಂದು ತಂಡವನ್ನು ಕರೆಸಿಕೊಳ್ಳುವುದು ಈ ಕಸುಬಿನಲ್ಲಿ ನಿತ್ಯದ ಮಾತು. ಆ ತಂಡದ ಹುಡುಗರು ಪಾಲಿಸಿಯಲ್ಲಿ ತಾವಾಗಿ ಸೇರುವುದಿಲ್ಲ. ಉಪಗುತ್ತಿಗೆದಾರರ ಕೆಲಸಗಾರರನ್ನೂ ಸೇರಿಸಿ ಎಂದು ಕೇಳಿ, ಪ್ರತ್ಯೇಕವಾಗಿ ಬರೆಸಬೇಕು. ಆಸ್ಪತ್ರೆಯ ಖರ್ಚಿನ ಕಥೆಯೂ ಹೀಗೆಯೇ. ಚಿಕಿತ್ಸೆಗೆ ತಗಲಿದ ನಿಜವಾದ ವೆಚ್ಚವನ್ನು ಮಾಲೀಕ ಭರಿಸಬೇಕೆಂದು 2009ರ ತಿದ್ದುಪಡಿಯಿಂದಲೇ ಕಾನೂನು ಹೇಳಿದೆ. ಆದರೆ ಸಾಮಾನ್ಯವಾಗಿ ಮಾರಾಟವಾಗುವ ಪಾಲಿಸಿಯಲ್ಲಿ ಅದು ಹೆಚ್ಚುವರಿ ಹಣ ಕೊಟ್ಟು ಸೇರಿಸಿಕೊಳ್ಳಬೇಕಾದ ಬಾಬತ್ತು, ಅದಕ್ಕೂ ಮಿತಿ ಇರುತ್ತದೆ. ಬಡ್ಡಿ, ದಂಡಗಳ ಮಾತು ಇನ್ನೂ ಸೂಕ್ಷ್ಮ. ದಂಡವನ್ನು ವಿಮಾ ಕಂಪನಿಯ ಮೇಲೆ ಹೊರಿಸಲಾಗದು, ಅದು ಮಾಲೀಕನ ಸ್ವಂತ ತಪ್ಪಿನ ಫಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. ಬಡ್ಡಿಯನ್ನು ತಾನು ಕೊಡುವುದಿಲ್ಲವೆಂದು ಪಾಲಿಸಿಯಲ್ಲಿ ಕಂಪನಿ ಬರೆದಿದ್ದರೆ ಆ ಷರತ್ತು ನಿಲ್ಲುತ್ತದೆ ಎಂದು 2006ರಲ್ಲಿ ತೀರ್ಪಿತ್ತಿತು. ಬಡ್ಡಿ ಸೇರಿದೆಯೇ ಎಂಬ ಒಂದು ಪ್ರಶ್ನೆ ಕೇಳಲು ಏಜೆಂಟರ ಮುಂದೆ ಸಂಕೋಚಪಡಬೇಕಿಲ್ಲ.

ಇಷ್ಟೆಲ್ಲ ಮಾಡಿಸಿದ ಮೇಲೂ ಒಬ್ಬನಿಗೆ ರಕ್ಷಣೆ ಇರುವುದಿಲ್ಲ. ಆತ ಬೇರೆ ಯಾರೂ ಅಲ್ಲ, ಗುತ್ತಿಗೆದಾರನೇ. ಪಾಲಿಸಿ ಇರುವುದು ಕೆಲಸಗಾರರಿಗೆ. ಮಾಲೀಕ ತನಗೆ ತಾನೇ ಕೆಲಸಗಾರನಾಗಲಾರ. ದೊಡ್ಡ ಗುತ್ತಿಗೆದಾರರಿಗೆ ಇದರಿಂದ ಬಾಧಕವಿಲ್ಲ, ಅವರು ಟವರ್ ಹತ್ತುವುದಿಲ್ಲ. ಆದರೆ ಆರು ಜನರ ತಂಡದ ಒಡೆಯ ಎಲ್ಲರಿಗಿಂತ ಮೊದಲು ತಾನೇ ಹತ್ತುತ್ತಾನೆ, ಎಲ್ಲರಿಗಿಂತ ಮೇಲಕ್ಕೆ ಹತ್ತುತ್ತಾನೆ. ಪಾಲುದಾರಿಕೆಯಲ್ಲಿದ್ದರೆ ಪಾಲುದಾರ ಗೆಳೆಯರ ಸ್ಥಿತಿಯೂ ಇದೇ. ಇವರು ತಮಗಾಗಿ ವೈಯಕ್ತಿಕ ಅಪಘಾತ ವಿಮೆಯನ್ನು ಬೇರೆಯಾಗಿಯೇ ಮಾಡಿಸಬೇಕು. ಅದರಲ್ಲೂ ಎತ್ತರದ ಕೆಲಸ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯಲ್ಲ ಎನ್ನಬಹುದು. 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಅಪಘಾತದ ಸಾವಿಗೆ ಸಿಗುವುದು 2 ಲಕ್ಷ ರೂಪಾಯಿ. ಇರಲಿ, ಒಳ್ಳೆಯದೇ. ಹೊಲದ ಸಾಲ ತೀರಿಸಲು ಅದು ಸಾಲದು.

ಎರಡನೆಯ ಬಗೆಯ ವಿಮೆ ದಾರಿಹೋಕರಿಗೆ, ಕಟ್ಟಡದ ಮಾಲೀಕರಿಗೆ, ಅಂದರೆ ಮೂರನೆಯವರಿಗೆ ಆಗುವ ಹಾನಿಗಾಗಿ. ಭೌತಶಾಸ್ತ್ರ ಓದಿದವರು ಒಂದು ಲೆಕ್ಕ ಮಾಡಿ ನೋಡಬಹುದು. 40 ಮೀಟರ್ ಎತ್ತರದಿಂದ ಕೈಜಾರಿದ ಸ್ಪ್ಯಾನರ್ ನೆಲ ಮುಟ್ಟಲು ಮೂರು ಸೆಕೆಂಡ್ ಸಹ ಬೇಡ. ಗಾಳಿಯ ತಡೆಯನ್ನು ಬಿಟ್ಟರೆ ಆಗ ಅದರ ವೇಗ ಸೆಕೆಂಡಿಗೆ 28 ಮೀಟರ್, ಅಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್. ಕೆಳಗೆ ಶಾಲೆಯಿಂದ ಬರುವ ಮಗು ಇರಬಹುದು, ನಿಲ್ಲಿಸಿದ ಕಾರಿರಬಹುದು. ತಾರಸಿ ಮೇಲೆ ಕಂಬ ನಿಲ್ಲಿಸುವಾಗ ಕೊರೆದ ರಂಧ್ರದಿಂದ ಮಳೆಗಾಲದಲ್ಲಿ ಕೆಳಮನೆಗೆ ನೀರು ಸೋರಬಹುದು. ನೆಲ ಅಗೆಯುವಾಗ ನೀರಿನ ಕೊಳವೆಯೋ ಇನ್ನೊಂದು ಕಂಪನಿಯ ಫೈಬರ್ ಕೇಬಲ್ಲೋ ತುಂಡಾಗಬಹುದು. ಇವಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿ ಬೇಕು. ಇದನ್ನು ಕೊಳ್ಳುವಾಗ ಗಮನಿಸಬೇಕಾದ್ದು, ಕೆಲಸ ಮುಗಿಸಿ ಬಂದ ಮೇಲೆ ಸಂಭವಿಸುವ ಹಾನಿ ಸೇರಿದೆಯೇ ಎಂಬುದನ್ನು. ಸಡಿಲವಾಗಿ ಬಿಗಿದ ಆಂಟೆನಾ ಬೀಳುವುದು ಸಾಮಾನ್ಯವಾಗಿ ಬಿಗಿದ ದಿನವಲ್ಲ. ಮುಂದಿನ ಮುಂಗಾರಿನ ಗಾಳಿಗೆ.

ಮೂರನೆಯದು, ಕಟ್ಟುತ್ತಿರುವ ಟವರಿಗೇ ಆಗುವ ನಷ್ಟದ ವಿಮೆ. ಅರ್ಧ ನಿಂತ ಟವರ್ ಬಿರುಗಾಳಿಗೆ ಬಾಗಿದರೆ, ಕ್ರೇನಿನಿಂದ ಪೆಟ್ಟಿಗೆ ಕಳಚಿ ಬಿದ್ದರೆ ಇದು ನೆರವಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಇದರ ಹೆಸರು ಎರೆಕ್ಷನ್ ಆಲ್ ರಿಸ್ಕ್ಸ್, ಅಂದರೆ ನಿರ್ಮಾಣ ಕಾಲದ ಸರ್ವಾಪಾಯ ಪಾಲಿಸಿ. ಹೆಸರಿಗೆ ಮೋಸ ಹೋದವರು ಕಡಿಮೆಯಲ್ಲ. ಸರ್ವಾಪಾಯ ಎಂದ ಮೇಲೆ ತಮ್ಮ ಹುಡುಗರೂ ಅದರಲ್ಲಿ ಸೇರಿದ್ದಾರೆಂದು ನಂಬಿಬಿಡುತ್ತಾರೆ. ಈ ಪಾಲಿಸಿಯ ಎರಡನೆಯ ಭಾಗದಲ್ಲಿ ಮೂರನೆಯವರ ಹಾನಿಯ ಹೊಣೆಯೂ ಇರುತ್ತದೆ, ನಿಜ. ಆದರೆ ಗುತ್ತಿಗೆದಾರನ ಕೆಲಸಗಾರರನ್ನು ಆ ಭಾಗದಿಂದ ಸ್ಪಷ್ಟವಾಗಿ ಹೊರಗಿಟ್ಟಿರುತ್ತಾರೆ. ತಪ್ಪು ವಿನ್ಯಾಸ, ಸವಕಳಿ, ಲೆಕ್ಕ ತಪಾಸಣೆಯಲ್ಲಿ ಮಾತ್ರ ಗೊತ್ತಾಗುವ ಸಾಮಾನಿನ ಕೊರತೆಗಳೂ ಸರ್ವಾಪಾಯದ ಹೊರಗೇ. ಗೋದಾಮಿನಲ್ಲಿ ಎಣಿಸಿದಾಗ ಕೇಬಲ್ಲಿನ ಎರಡು ಸುರುಳಿ ಕಡಿಮೆ ಬಂತು ಎಂದರೆ ಹಣ ಬಾರದು. ಮುಖ್ಯ ಕಂಪನಿಯೇ ಈ ಪಾಲಿಸಿ ಮಾಡಿಸಿದ್ದರೆ, ಅದರಲ್ಲಿ ಉಪಗುತ್ತಿಗೆದಾರರನ್ನೂ ವಿಮಾದಾರರೆಂದು ಹೆಸರಿಸಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ವಿಮಾ ಕಂಪನಿ ಮೇಲಿನವರಿಗೆ ಹಣ ಕೊಟ್ಟು, ಬಳಿಕ ಅವರ ಸ್ಥಾನದಲ್ಲಿ ನಿಂತು ತಪ್ಪು ಮಾಡಿದ ಉಪಗುತ್ತಿಗೆದಾರನ ಮೇಲೆ ದಾವೆ ಹೂಡಬಹುದು.

ಅಳತೆಯ ಉಪಕರಣ, ಫೈಬರ್ ಬೆಸೆಯುವ ಯಂತ್ರಗಳಿಗೆ ಬೇರೆ ಪಾಲಿಸಿ ಸಿಗುತ್ತದೆ. ಸಾಲ ಮಾಡಿ ಕೊಂಡಿದ್ದರೆ ಬ್ಯಾಂಕೇ ಅದನ್ನು ಕೇಳುತ್ತದೆ. ವಾಹನದ ವಿಷಯ ಮಾತ್ರ ಎರಡು ಮಾತು ಹೆಚ್ಚು ಬೇಡುತ್ತದೆ. 1988ರ ಮೋಟಾರು ವಾಹನ ಕಾಯಿದೆಯಂತೆ ಮೂರನೆಯವರ ವಿಮೆ ಎಲ್ಲ ವಾಹನಗಳಿಗೂ ಕಡ್ಡಾಯ. ಹಾಗೆಂದು ಬಾಡಿಗೆ ಗೂಡ್ಸ್ ಗಾಡಿಯ ಹಿಂಬದಿಯಲ್ಲಿ, ಕಬ್ಬಿಣದ ಕೋಲುಗಳ ಮೇಲೆ ಕುಳಿತು ಸೈಟಿಗೆ ಹೋಗುವ ಹುಡುಗರಿಗೆಲ್ಲ ಅದರಲ್ಲಿ ರಕ್ಷಣೆ ಇದೆಯೆಂದು ತಿಳಿಯಬಾರದು. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಕರೆದೊಯ್ದ ಪ್ರಯಾಣಿಕರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿದೆ. ಹುಡುಗರಿಗೆ ಬಸ್ಸಿನ ಚಾರ್ಜು ಕೊಟ್ಟು ಕಳಿಸುವುದು ಎಷ್ಟೋ ಅಗ್ಗ.

ಹತ್ತುವವನ ಮನೆಯವರು ಕೇಳಬೇಕಾದ್ದು

ಮಗ ಗುತ್ತಿಗೆದಾರನಾಗಿಲ್ಲ, ಇನ್ನೂ ಕೆಲಸಕ್ಕೆ ಸೇರುತ್ತಿದ್ದಾನೆ ಎಂದಾದರೆ ಪಾಲಕರು ಕೇಳಬೇಕಾದ್ದು ಬೇರೆ. ಆತನನ್ನು ತೆಗೆದುಕೊಳ್ಳುತ್ತಿರುವವರು ಯಾರು? ನೇಮಕದ ಪತ್ರ ಇದೆಯೇ? ಸೈಟಿಗೆ ಇಷ್ಟು ಎಂದು ಹಣ ಕೊಡುವ ಕೆಲವರು, ‘ಇವನು ನಮ್ಮ ನೌಕರನಲ್ಲ, ಸ್ವತಂತ್ರವಾಗಿ ಕೆಲಸ ಮಾಡುವವನು’ ಎಂದು ಅಪಘಾತವಾದ ಮೇಲೆ ವಾದಿಸುತ್ತಾರೆ. ನೇಮಕದ ಪತ್ರ, ಬ್ಯಾಂಕಿಗೆ ಜಮೆಯಾದ ಸಂಬಳ, ಹಾಜರಿ ಪುಸ್ತಕದ ಹೆಸರು, ಸೈಟಿಗೆ ಪ್ರವೇಶ ಕೊಟ್ಟ ಪಾಸು, ಇವೆಲ್ಲ ಅಂದು ಸಾಕ್ಷಿ ಹೇಳುತ್ತವೆ. ಮನೆಯ ಕಪಾಟಿನಲ್ಲಿ ಅವುಗಳ ನಕಲು ಇರಲಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಸಾಧ್ಯವೇ ಎಂಬುದನ್ನೂ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದವರಿಗೆ ಒಂದು ಸಮಾಧಾನದ ಸಂಗತಿಯಿದೆ. 1961ರ ಅಪ್ರೆಂಟಿಸ್ ಕಾಯಿದೆಯು ತರಬೇತಿಯ ವೇಳೆ ಆದ ಗಾಯಕ್ಕೂ ಕೆಲಸಗಾರರಂತೆಯೇ ಪರಿಹಾರ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದೆ. ಆದರೆ ಅದು ಸಿಗುವುದು ಕರಾರು ನೋಂದಣಿಯಾದ ಅಪ್ರೆಂಟಿಸ್‌ಗೆ. ಬಾಯಿಮಾತಿನಲ್ಲಿ ‘ಟ್ರೈನಿ’ ಎನಿಸಿಕೊಂಡು, ಊಟ ವಸತಿಯಷ್ಟನ್ನೇ ಪಡೆದು ಟವರ್ ಹತ್ತುವವನ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಅಂತಹ ಕೆಲಸಕ್ಕೆ ಕಳಿಸದಿರುವುದೇ ಲೇಸು.

ಗುತ್ತಿಗೆದಾರರನ್ನು ಪಾಲಿಸಿ ತೋರಿಸಿ ಎಂದರೆ ಬೇಸರಿಸಿಕೊಳ್ಳುತ್ತಾರೆ ಎಂಬ ಅಳುಕು ಬೇಡ. ಮೇಲಿನ ಕಂಪನಿಗೆ ಅವರು ಹೇಗೂ ನಕಲು ಕೊಟ್ಟಿರುತ್ತಾರೆ. ನೋಡಬೇಕಾದ್ದು ಸ್ವಲ್ಪವೇ: ವಿಮಾದಾರ ಎಂಬಲ್ಲಿ ಮಗನಿಗೆ ಸಂಬಳ ಕೊಡುವವರ ಹೆಸರೇ ಇದೆಯೇ, ಕೆಲಸದ ವಿವರದಲ್ಲಿ ಟವರ್ ಅಥವಾ ಎತ್ತರದ ಕೆಲಸ ಎಂದಿದೆಯೇ, ಕೆಲಸಗಾರರ ಸಂಖ್ಯೆ ಎಷ್ಟು, ಯಾವ ಊರುಗಳಿಗೆ ಅನ್ವಯ, ಯಾವ ದಿನದಿಂದ ಯಾವ ದಿನದವರೆಗೆ.

ಈ ಕೊನೆಯ ಸಂಗತಿಯಲ್ಲಿ ಪಳಗಿದ ಗುತ್ತಿಗೆದಾರರೇ ಎಡವುತ್ತಾರೆ. 1938ರ ವಿಮಾ ಕಾಯಿದೆಯ 64ವಿಬಿ ಕಲಮಿನಂತೆ ಪ್ರೀಮಿಯಂ ಕೈಸೇರದೆ ವಿಮಾ ಕಂಪನಿ ಯಾವ ಅಪಾಯವನ್ನೂ ಹೊರುವಂತಿಲ್ಲ. ಹಳೆಯ ಪಾಲಿಸಿ ಮಾರ್ಚ್ 31ರ ಮಧ್ಯರಾತ್ರಿಗೆ ಮುಗಿದಿರುತ್ತದೆ. ಏಪ್ರಿಲ್ 1ರ ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲೇ ಎಂದು ಹುಡುಗರು ಟವರ್ ಹತ್ತಿರುತ್ತಾರೆ. ಗುತ್ತಿಗೆದಾರ ಬ್ಯಾಂಕಿನ ಕೆಲಸ ಮುಗಿಸಿ ಮಧ್ಯಾಹ್ನ ಮೂರಕ್ಕೆ ಹಣ ಕಟ್ಟುತ್ತಾನೆ. ಹೊಸ ಪಾಲಿಸಿಯ ಮೇಲೆ ದಿನಾಂಕದ ಜತೆಗೆ ಗಂಟೆ ನಿಮಿಷಗಳೂ ಅಚ್ಚಾಗಿರುತ್ತವೆ. ಏಳರಿಂದ ಮೂರರವರೆಗೆ ಆ ಹುಡುಗರು ಟವರಿನ ಮೇಲಿದ್ದದ್ದು ಯಾವ ವಿಮೆಯೂ ಇಲ್ಲದೆ.